ಗುಡ್ಡ ಹತ್ತದ ಸ್ಕೂಟರ್

ಮನೆಮನೆಗೆ ಹೋಗಿ ಜನರ ರಕ್ತ ತೆಗೆದುಕೊಂಡು ಬರುವವರನ್ನು ಯಾರೂ ಬಾಗಿಲಲ್ಲಿ ನಿಂತು ಕಾಯುವುದಿಲ್ಲ. ಆದರೂ ಗುಡ್ಡದ ಮೇಲಿನ ಹದಿನಾಲ್ಕು ಮನೆಯವರು ಅವಳಿಗೆ ‘ಸೂಜಿಯಕ್ಕ’ ಎಂದು ಹೆಸರಿಟ್ಟಿದ್ದರು. ಅದರಲ್ಲಿ ಅಕ್ಕರೆ ಎಷ್ಟು, ಬೈಗುಳ ಎಷ್ಟು ಎಂದು ಅವಳು ಕೆದಕಲು ಹೋಗಿರಲಿಲ್ಲ. ವಾರಕ್ಕೆ ಮೂರು ದಿನ ಬೆಳಿಗ್ಗೆ ತನ್ನ ಸಣ್ಣ ಸ್ಕೂಟರಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಗುಡ್ಡಕ್ಕೆ ಹೋಗಿ, ರಕ್ತ ತೆಗೆದ ಎರಡು ಗಂಟೆಯೊಳಗೆ ಕೆಳಗಿನ ಲ್ಯಾಬಿಗೆ ತಂದು ಒಪ್ಪಿಸಬೇಕು. ಅದೇ ಅವಳ ಕೆಲಸ. ಎರಡು ವರ್ಷದಿಂದ ಅವಳ ಮನೆಯ ಒಲೆ ಉರಿಯುತ್ತಿದ್ದದ್ದು ಅದರಿಂದಲೇ.

ತೊಂದರೆ ಶುರುವಾದದ್ದು ಗುಡ್ಡದ ಎರಡನೇ ತಿರುವಿನಲ್ಲಿ. ಒಂಬತ್ತು ವರ್ಷದ ಸ್ಕೂಟರ್ ಅಲ್ಲಿಗೆ ಬರುವಷ್ಟರಲ್ಲಿ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಅವಳು ಇಳಿದು ತಳ್ಳಬೇಕು. ಹಾಗೆ ತಳ್ಳಿ ತಳ್ಳಿ ಒಂದೇ ತಿಂಗಳಲ್ಲಿ ಎರಡು ಸಲ ಲ್ಯಾಬಿಗೆ ತಡವಾಯಿತು.

“ನೋಡಿ, ನಿಮ್ಮ ಕೈ ಚೆನ್ನಾಗಿದೆ, ಜನಕ್ಕೆ ನೋವಾಗಲ್ಲ,” ಎಂದರು ಲ್ಯಾಬಿನ ಮೇಡಂ. “ಆದ್ರೆ ಇನ್ನೊಂದು ಸಲ ತಡ ಆದ್ರೆ ಗುಡ್ಡ ಬೇರೆಯವರಿಗೆ ಕೊಡ್ತೀನಿ. ನೀವು ಕೌಂಟರಿನಲ್ಲಿ ಅರ್ಧ ದಿನ ಕೂತ್ಕೊಳ್ಳಿ.”

ಅರ್ಧ ದಿನವೆಂದರೆ ಅರ್ಧ ಸಂಬಳ. ಆ ಸಂಜೆ ಊಟಕ್ಕೆ ಬಡಿಸುವಾಗ ಅವಳು ಇದನ್ನು ಅತ್ತೆಗೆ ಹೇಳಿದಳು. ಗಂಡನಿಗೆ ಹೇಳುವ ಉದ್ದೇಶ ಇರಲಿಲ್ಲ. ಪಂಪ್ ತಯಾರಿಸುವ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಫಿಟ್ಟರ್ ಆಗಿದ್ದವನು ಅವನು. ಕಾರ್ಖಾನೆ ಮುಚ್ಚಿದ ಮೇಲೆ ಮೊದಲ ಆರು ತಿಂಗಳು ಕೆಲಸಕ್ಕೆ ಅಲೆದ, ಆಮೇಲೆ ಅಲೆಯುವುದನ್ನೂ ಬಿಟ್ಟ. ಗೋಡೆಯ ಕಡೆ ಮುಖ ಮಾಡಿ ಮಲಗಿದವನನ್ನು ಊಟಕ್ಕೆ ಎಬ್ಬಿಸಬೇಕು, ಎದ್ದವನು ನಾಲ್ಕು ತುತ್ತು ತಿಂದು ತಟ್ಟೆ ಪಕ್ಕಕ್ಕೆ ಸರಿಸಬೇಕು, ಇಷ್ಟೇ ನಡೆಯುತ್ತಿತ್ತು. ಆ ಮನೆಯಲ್ಲಿ ಅನ್ನ ಬಿಸಾಡುವವರನ್ನು ಅತ್ತೆ ಬದುಕಗೊಡುತ್ತಿರಲಿಲ್ಲವಾದ್ದರಿಂದ ಅವನು ಬಿಟ್ಟದ್ದನ್ನು ಸೂಜಿಯಕ್ಕ ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂದು ಮುಗಿಸುತ್ತಿದ್ದಳು. ಆಮೇಲೆ ತನ್ನ ಊಟ.

ಆದರೆ ಅಂದು ಅವನು ತಟ್ಟೆ ಸರಿಸಿ ಎದ್ದು ಹೋಗಲಿಲ್ಲ. “ಎಷ್ಟನೇ ತಿರುವು?” ಎಂದು ಕೇಳಿದ.

“ಎರಡನೇದು.”

“ಗಾಡೀನ ನಾನು ನೋಡ್ತೀನಿ.”

ಅತ್ತೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಹತ್ತನೇ ತರಗತಿ ಓದುತ್ತಿದ್ದ ಮಗಳು ಪುಸ್ತಕದಿಂದ ತಲೆ ಎತ್ತಿದಳು. ಎರಡು ವರ್ಷದಲ್ಲಿ ಅವನು ‘ನಾನು ನೋಡ್ತೀನಿ’ ಎಂದದ್ದನ್ನು ಯಾರೂ ಕೇಳಿರಲಿಲ್ಲ.

ಮರುದಿನದಿಂದ ಅಂಗಳದಲ್ಲಿ ಸ್ಪ್ಯಾನರುಗಳ ಸದ್ದು. ಅವನು ಟ್ರಂಕಿನಿಂದ ಕಾರ್ಖಾನೆಯ ನೀಲಿ ಅಂಗಿ ತೆಗೆದು ಹಾಕಿಕೊಂಡ. ಅದು ಹೆಗಲಿನಿಂದ ಜಾರುತ್ತಿತ್ತು.

“ಅಪ್ಪಾ, ಯಾರ ಅಂಗಿ ಅದು?” ಎಂದಳು ಮಗಳು.

“ನನ್ನದೇ. ಒಗೆದು ಒಗೆದು ಹಿಗ್ಗಿದೆ.”

ರಾತ್ರಿ ಊಟದ ಹೊತ್ತಿಗೆ ಅವನು ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಪಟ್ಟಿ ಮಾಡಿದ್ದ. ದೊಡ್ಡ ಬೋರಿನ ಸಿಲಿಂಡರ್, ಹೊಸ ಪಿಸ್ಟನ್, ಸೈಲೆನ್ಸರ್, ಬೆಲ್ಟಿನ ಮುಂದಿನ ಚಕ್ರದೊಳಗೆ ಕೂರುವ ಆರು ರೋಲರ್, ಬ್ರೇಕ್ ಶೂ. ಕಾರ್ಖಾನೆ ಮುಚ್ಚಿದಾಗ ಕೈಗೆ ಬಂದದ್ದರಲ್ಲಿ ಕೊನೆಯ ಒಂದಿಷ್ಟು ಉಳಿದಿತ್ತು, ಅದಕ್ಕೆ ಕೈ ಹಾಕುವುದೆಂದು ತೀರ್ಮಾನವಾಯಿತು.

“ಸೈಲೆನ್ಸರ್ ಯಾಕೆ? ಇರೋದೇ ಇದೆಯಲ್ಲ,” ಎಂದರು ಅತ್ತೆ.

“ಎಂಜಿನ್ ದೊಡ್ಡದಾದ್ರೆ ಉಸಿರೂ ದೊಡ್ಡದು ಬೇಕಮ್ಮ.”

“ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ,” ಎಂದು ಅತ್ತೆ ಗೊಣಗಿದರು. ಆದರೆ ಮುಖದಲ್ಲಿ ಸಂತೋಷ ಇತ್ತು. ಮಗ ಎದುರು ಮಾತಾಡಿದನಲ್ಲ, ಅಷ್ಟೇ ಸಾಕಾಗಿತ್ತು ಅವರಿಗೆ.

“ನನಗೆ ಗುಡ್ಡ ಹತ್ತಿದ್ರೆ ಸಾಕುರೀ,” ಎಂದಳು ಸೂಜಿಯಕ್ಕ.

“ಹತ್ತೋದೇನು, ಹಾರತ್ತೆ. ನಿನ್ನ ತೂಕ ಎಷ್ಟು ಹೇಳು. ರೋಲರ್ ಅದರ ಮೇಲೆ ಹೋಗತ್ತೆ.”

ಅವಳು ದಿನಕ್ಕೆ ಹತ್ತು ಜನರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಸಂಖ್ಯೆ ಓದಿ, ಬರೆದುಕೊಳ್ಳುವವಳು. ಅದೇ ಯಂತ್ರದ ಮೇಲೆ ತಾನು ಕಾಲಿಟ್ಟು ಎರಡು ವರ್ಷವಾಗಿತ್ತು. ಮದುವೆಯಾದ ಹೊಸತರಲ್ಲಿ ಇವನು ಅವಳನ್ನು ಎತ್ತಿ ಅಟ್ಟದ ಮೇಲಿನ ಡಬ್ಬ ತೆಗೆಸುತ್ತಿದ್ದ, ‘ಕಡ್ಡಿ’ ಎಂದು ಕರೆಯುತ್ತಿದ್ದ. ಈಗ ಯಾರೂ ಎತ್ತುವಂತಿಲ್ಲ, ಕರೆಯುವಂತೆಯೂ ಇಲ್ಲ.

“ಐವತ್ತೆಂಟು,” ಎಂದಳು.

ಅತ್ತೆ ಕೆಮ್ಮಿದರು. ಅವನು ಐವತ್ತೆಂಟು ಎಂದು ಬರೆದುಕೊಂಡ. ಪೆಟ್ಟಿಗೆಗೆ ನಾಲ್ಕು ಎಂದು ತಾನೇ ಅಂದಾಜು ಮಾಡಿ ಕೂಡಿಸಿದ. ಅವಳ ಕಿವಿ ಬಿಸಿಯಾಯಿತು. ಹೇಳಿದ್ದು ತಪ್ಪೆಂದು ಗೊತ್ತಿತ್ತು, ಎಷ್ಟು ತಪ್ಪೆಂದು ಗೊತ್ತಿರಲಿಲ್ಲ.

ಶನಿವಾರ ಇಬ್ಬರೂ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರು. ಅಂಗಡಿಯವನು ರೋಲರುಗಳ ಎರಡು ಪೊಟ್ಟಣ ತೆಗೆದು ಗಾಜಿನ ಮೇಲಿಟ್ಟ. ನೋಡಲು ಎರಡೂ ಒಂದೇ, ಹೆಬ್ಬೆರಳಿನ ಗಾತ್ರದ ಕಪ್ಪು ಉರುಳೆಗಳು.

“ಇದು ಹಗುರ, ಇದು ಭಾರ,” ಎಂದ. “ಹಗುರದ್ದು ಹಾಕಿದ್ರೆ ಎಳೆಯತ್ತೆ, ಓಡಲ್ಲ. ಭಾರದ್ದು ಹಾಕಿದ್ರೆ ಓಡತ್ತೆ, ಎಳೆಯಲ್ಲ. ಎರಡೂ ಬೇಕು ಅಂದ್ರೆ ಎತ್ತು ಏರಿಗೆ, ಕೋಣ ನೀರಿಗೆ. ಗಾಡಿ ಮೇಲೆ ಕೂರೋ ಭಾರ ಎಷ್ಟು?”

“ಎಲ್ಲಾ ಸೇರಿ ಅರವತ್ತೆರಡು,” ಎಂದ ಅವಳ ಗಂಡ. “ಸಿಲಿಂಡರ್ ಹೇಗೂ ದೊಡ್ಡದು ಹಾಕ್ತಿದೀನಿ, ಎಳೆಯೋಕೆ ಅದೇ ಸಾಕು. ರೋಲರ್ ಭಾರದ್ದೇ ಇರಲಿ. ಗುಡ್ಡದಲ್ಲಿ ಕಳ್ಕೊಂಡ ಹೊತ್ತನ್ನ ಸಮತಟ್ಟಿನಲ್ಲಿ ಹಿಡೀಬಹುದು.”

ಅಂಗಡಿಯವನು ಅವಳನ್ನೊಮ್ಮೆ ನೋಡಿದ. ವ್ಯಾಪಾರಸ್ಥ, ಭಾರದ ಪೊಟ್ಟಣವನ್ನು ಮುಂದಕ್ಕೆ ತಳ್ಳಿದ. ಅವಳ ಕೈಯಲ್ಲಿ ಹಗುರ ರೋಲರಿನ ಪೊಟ್ಟಣ ಇತ್ತು. ಇದೇ ಇರಲಿ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಾನೆ. ಅವಳು ಪೊಟ್ಟಣವನ್ನು ಗಾಜಿನ ಮೇಲಿಟ್ಟು, ಪೆಟ್ಟಿಗೆ ಕಟ್ಟಲು ಹಗ್ಗ ನೋಡಿ ಬರುತ್ತೇನೆಂದು ಪಕ್ಕದ ಅಂಗಡಿಗೆ ಹೋದಳು. ಹಿಂತಿರುಗಿದಾಗ ಅವನು ದೊಡ್ಡ ಚೀಲ ಹಿಡಿದು ಹೊರಗೆ ನಿಂತಿದ್ದ.

“ಬ್ರೇಕ್ ಶೂ ತಗೊಂಡ್ರಾ?”

“ಎಲ್ಲಾ ತಗೊಂಡಿದೀನಿ, ನಡಿ.”

ಜೋಡಿಸಲು ಎಂಟು ದಿನ ಹಿಡಿಯಿತು. ಆ ಎಂಟು ದಿನ ಅವಳು ಬಸ್ಸಿನಲ್ಲಿ ಗುಡ್ಡದ ಬುಡಕ್ಕೆ ಹೋಗಿ, ನಸುಕಿಗೇ ಹೊರಟು, ಹೇಗೋ ಸಂಭಾಳಿಸಿದಳು. ಅವನು ಸಿಳ್ಳೆ ಹಾಕುತ್ತಿದ್ದ. ಊಟಕ್ಕೆ ಕರೆದರೆ “ಇದೊಂದು ಬೋಲ್ಟ್” ಎನ್ನುತ್ತಿದ್ದ. ತಟ್ಟೆಯಲ್ಲಿ ಮಾತ್ರ ಎಂದಿನಂತೆ ಅರ್ಧ ಉಳಿಯುತ್ತಿತ್ತು, ಯೋಚನೆ ಬೇರೆಲ್ಲೋ ಇದ್ದವನ ಹಾಗೆ. ಭಾನುವಾರ ಅವನೇ ಹತ್ತಿ ಗುಡ್ಡಕ್ಕೆ ಒಂದು ಸುತ್ತು ಹೋಗಿಬಂದ. ಬೀದಿಯ ನಾಯಿಗಳೆಲ್ಲ ಹಿಂದೆ ಬಂದವು.

“ಸತ್ತವರೂ ಎದ್ದು ಕೂರ್ತಾರೆ ಈ ಸದ್ದಿಗೆ,” ಎಂದರು ಅತ್ತೆ.

“ಒಂದು ಕಡೇನೂ ನಿಲ್ಲಲಿಲ್ಲ. ನಾನು ಅರವತ್ತೆಂಟು ಕೆಜಿ, ನನ್ನನ್ನೇ ಎಳ್ಕೊಂಡು ಹೋಯ್ತು. ನಿನ್ನ ಪೆಟ್ಟಿಗೆ ಸೇರಿದ್ರೂ ನೀನು ನನಗಿಂತ ಆರು ಕೆಜಿ ಕಮ್ಮಿ.” ಅವನ ಕೈಯಲ್ಲಿ ಎಣ್ಣೆ, ಮುಖದಲ್ಲಿ ನಗು. ಅವಳಿಗೆ ಅಳು ಬಂದಂತಾಯಿತು. ಈ ನಗುವನ್ನು ನೋಡಿ ಎಷ್ಟು ಕಾಲವಾಗಿತ್ತು.

ಸೋಮವಾರ ಸ್ಕೂಟರ್ ಸಮತಟ್ಟಾದ ರಸ್ತೆಯಲ್ಲಿ ಬಾಣದ ಹಾಗೆ ಹೋಯಿತು. ಗುಡ್ಡದ ಮೊದಲ ತಿರುವನ್ನೂ ದಾಟಿತು. ಎರಡನೆಯದರಲ್ಲಿ ಗೊರಗೊರ ಎಂದು ಉಸಿರು ಕಟ್ಟಿ ನಿಂತಿತು. ಎರಡು ಸಲ ಮತ್ತೆ ಪ್ರಯತ್ನಿಸಿದಳು. ಅವನನ್ನು ಮೇಲಕ್ಕೆ ಕೊಂಡೊಯ್ದ ಗಾಡಿ ತನ್ನನ್ನು ಒಯ್ಯಲಿಲ್ಲ ಎಂದರೆ ಕಾರಣ ಯಾರೆಂದು ಯಾರಾದರೂ ಹೇಳಿಯಾರು. ತಿರುವಿನ ಮರದ ಕೆಳಗೆ ಗಾಡಿ ನಿಲ್ಲಿಸಿದಳು. ಅಲ್ಲಿಂದ ಮೇಲಕ್ಕೆ ಕಲ್ಲಿನ ಮೆಟ್ಟಿಲುಗಳಿದ್ದವು, ನೂರಾ ಹದಿನೆಂಟು. ಪೆಟ್ಟಿಗೆಯನ್ನು ಹೆಗಲಿಗೆ ಏರಿಸಿ ಹತ್ತಿದಳು.

“ಹೇಗೆ ಹತ್ತಿತು?” ಎಂದು ಸಂಜೆ ಅವನು ಬಾಗಿಲಲ್ಲೇ ಕೇಳಿದ.

“ಚೆನ್ನಾಗಿ.”

ಅವನು ಒಳಗೆ ಹೋದ ಮೇಲೆ ಅತ್ತೆ ಅವಳ ಕಾಲು ನೋಡಿದರು. ಬಿಸಿನೀರು ತಂದಿಟ್ಟರು.

“ಹತ್ತಲಿಲ್ಲ ಅಲ್ವಾ?”

“ಇಲ್ಲ ಅತ್ತೆ.”

“ಹೇಳಬೇಡ. ಎದ್ದು ಓಡಾಡ್ತಿದಾನೆ. ಸ್ವಲ್ಪ ದಿನ ಹೋಗಲಿ.”

ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಮೂರು ವಾರ ಹೀಗೇ ನಡೆಯಿತು. ಅವನು ಪಕ್ಕದ ಮನೆಯವರ ಮಿಕ್ಸಿ ರಿಪೇರಿ ಮಾಡಿಕೊಟ್ಟ. ಎದುರುಮನೆಯವರ ನೀರಿನ ಮೋಟಾರ್ ಬಿಚ್ಚಿದ. ಅವಳು ಮೆಟ್ಟಿಲು ಹತ್ತಿದಳು, ಇಳಿದಳು. ಮೆಟ್ಟಿಲಲ್ಲಿ ಹೋದ ಹೊತ್ತನ್ನು ಇಳಿಜಾರಿನಲ್ಲೂ ಕೆಳಗಿನ ರಸ್ತೆಯಲ್ಲೂ ವೇಗವಾಗಿ ಓಡಿಸಿ ಹಿಡಿಯುತ್ತಿದ್ದಳು. ಬ್ರೇಕ್ ಹಿಡಿದಾಗ ಕಿರ್ ಎನ್ನುತ್ತಿತ್ತು. ಕೇಳಿದರೆ ಅವನು “ಹೊಸ ಶೂ, ಕೂರಬೇಕು” ಎಂದ.

ನಾಲ್ಕನೇ ವಾರದ ಬುಧವಾರ ಟೀಚರಜ್ಜಿಯ ಮನೆಯಲ್ಲಿ ತಡವಾಯಿತು. ಎಂಬತ್ತು ದಾಟಿದ ನಿವೃತ್ತ ಶಿಕ್ಷಕಿ, ನರ ಸಿಗುವುದೇ ಕಷ್ಟ. ಬಲಗೈಯಲ್ಲಿ ಸಿಗದೆ ಎಡಗೈಯಲ್ಲಿ ಸಿಕ್ಕಿತು. ಸೂಜಿಯಕ್ಕ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು, ಪೆಟ್ಟಿಗೆ ಕಟ್ಟಿ, ಸ್ಕೂಟರನ್ನು ಇಳಿಜಾರಿಗೆ ಬಿಟ್ಟಳು. ಮೊದಲ ತಿರುವಿಗೆ ಬಂದಾಗ ಬ್ರೇಕ್ ಒತ್ತಿದಳು. ಕಿರ್ ಎಂದಿತು, ನಿಲ್ಲಲಿಲ್ಲ. ಮತ್ತೂ ಒತ್ತಿದಳು. ಚರಂಡಿಯ ಕಟ್ಟೆ ಹತ್ತಿರ ಬಂತು.

ಮಂಡಿ ಕಿತ್ತುಹೋಯಿತು, ಅಂಗೈ ಸುಲಿಯಿತು. ಅದನ್ನು ಅವಳು ಆಮೇಲೆ ನೋಡಿಕೊಂಡಳು. ಮೊದಲು ನೋಡಿದ್ದು ಪೆಟ್ಟಿಗೆಯನ್ನು. ಮುಚ್ಚಳ ಹಾರಿಹೋಗಿತ್ತು. ಹದಿನಾಲ್ಕು ಮನೆಯ ರಕ್ತದ ನಳಿಕೆಗಳು ಐಸಿನ ಜೊತೆ ರಸ್ತೆಯ ಮೇಲೆ ಹರಡಿದ್ದವು, ಒಂದೆರಡು ಚರಂಡಿಯೊಳಗೂ ಬಿದ್ದಿದ್ದವು.

“ಒಡೆಯದೆ ಇರೋದೂ ಉಪಯೋಗಕ್ಕಿಲ್ಲ, ಕುಲುಕಿ ಕೆಟ್ಟಿದೆ,” ಎಂದರು ಮೇಡಂ. ಅವಳ ಮಂಡಿಗೆ ಅವರೇ ಪಟ್ಟಿ ಹಾಕಿದರು. “ಎಲ್ಲರ ಮನೆಗೂ ನೀವೇ ಹೋಗಿ ಇನ್ನೊಂದ್ಸಲ ತಗೊಂಬನ್ನಿ. ಅವರು ಬೈದ್ರೆ ಬೈಸ್ಕೊಳ್ಳಿ. ಶುಕ್ರವಾರ ಕಾಲು ವಾಸಿ ಮಾಡ್ಕೊಳ್ಳಿ, ಸೋಮವಾರ ಒಂದು ದಿನ ನೋಡ್ತೀನಿ. ಅದೇ ಕೊನೆ.”

ಆಟೋದಲ್ಲಿ ಹೋದಳು. ಹದಿಮೂರು ಮನೆಯವರು ಬೈದರು, ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ. ಟೀಚರಜ್ಜಿ ಮಾತ್ರ ಬೆಳಿಗ್ಗೆ ಚುಚ್ಚಿ ಕಪ್ಪಾಗಿದ್ದ ಎರಡೂ ಕೈಗಳನ್ನು ಮುಂದೆ ಚಾಚಿ, “ಯಾವುದು ಬೇಕೋ ಆರಿಸ್ಕೋ” ಎಂದರು. ಮೂರು ಸಲ ಚುಚ್ಚಬೇಕಾಯಿತು. ಅಜ್ಜಿ ಕಣ್ಣು ಮುಚ್ಚಿಕೊಂಡು ಸಹಿಸಿದರು. ಸೂಜಿಯಕ್ಕನಿಗೆ ಇಷ್ಟು ವರ್ಷದಲ್ಲಿ ಮೊದಲ ಸಲ ತನ್ನ ಕೈ ಮೇಲೆ ಹೇಸಿಗೆಯಾಯಿತು.

ಸಂಜೆ ಮನೆಯಲ್ಲಿ ಮಗಳು ತಡೆಯಲಾರದೆ ಬಾಯಿ ಬಿಟ್ಟಳು.

“ಅಮ್ಮ ಮೂರು ವಾರದಿಂದ ಗಾಡಿ ಅರ್ಧದಲ್ಲಿ ನಿಲ್ಲಿಸಿ ಮೆಟ್ಟಿಲು ಹತ್ತುತ್ತಿದಾಳೆ. ನನ್ನ ಕ್ಲಾಸಿನವಳ ಮನೆ ಅಲ್ಲೇ ಇದೆ, ದಿನಾ ನೋಡ್ತಾಳೆ.”

“ಸುಮ್ನಿರೇ,” ಎಂದರು ಅತ್ತೆ.

“ಯಾಕಜ್ಜಿ ಸುಮ್ನಿರಲಿ? ಎಲ್ಲರೂ ಸುಮ್ನಿದ್ದೇ ಹೀಗಾಗಿದ್ದು.”

ಅವನು ಹೆಂಡತಿಯ ಕಡೆ ತಿರುಗಿದ. “ಹತ್ತುತ್ತಿಲ್ವಾ?”

“ಇಲ್ಲ.”

“ಚೆನ್ನಾಗಿ ಹತ್ತತ್ತೆ ಅಂದ್ಯಲ್ಲ, ದಿನಾ.”

“ಅಂದೆ.”

“ನನ್ನ ಕೆಲಸ ಸರಿ ಇಲ್ಲ ಅಂತ ನೇರವಾಗಿ ಹೇಳೋಕೆ ಏನಾಗಿತ್ತು ನಿನಗೆ? ನಾನೇನು ಮಗುನಾ?”

“ಹೇಳಿದ್ರೆ ಮತ್ತೆ ಹೋಗಿ ಮಲಗ್ತೀರಿ ಅಂತ,” ಎಂದಳು ಅವಳು. “ಮನೇಲಿ ಹೆಣ ಇಟ್ಕೊಂಡ ಹಾಗೆ ಎರಡು ವರ್ಷ ಬದುಕಿದೀವಿ. ನನಗೆ ಸಾಕಾಗಿದೆ.”

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಸುಮ್ಮನೆ ಹೇಳಿಲ್ಲ. ಆಡಿದ್ದನ್ನು ವಾಪಸ್ ತೆಗೆದುಕೊಳ್ಳುವಂತಿರಲಿಲ್ಲ. ಅವನು ಎದ್ದು ಕೈ ತೊಳೆದ, ನೀಲಿ ಅಂಗಿ ಬಿಚ್ಚಿ ಮಡಚಿ ಟ್ರಂಕಿನ ಮೇಲಿಟ್ಟ, ಗೋಡೆಯ ಕಡೆ ಮುಖ ಮಾಡಿ ಮಲಗಿದ. ಗುರುವಾರವೂ ಏಳಲಿಲ್ಲ, ಶುಕ್ರವಾರವೂ ಏಳಲಿಲ್ಲ. ತಟ್ಟೆ ಇಟ್ಟ ಹಾಗೇ ವಾಪಸ್ ಬಂತು. ಅವಳು ಯಾವುದಕ್ಕೆ ಹೆದರಿ ಮೂರು ವಾರ ಮೆಟ್ಟಿಲು ಹತ್ತಿದ್ದಳೋ ಅದೇ ಆಗಿತ್ತು, ಸೋಮವಾರಕ್ಕೆ ಇನ್ನು ಮೂರೇ ದಿನ ಉಳಿದಿತ್ತು.

ಶನಿವಾರ ಮಧ್ಯಾಹ್ನ ಅವಳು ಲ್ಯಾಬಿನಿಂದ ತೂಕದ ಯಂತ್ರವನ್ನು ಕೇಳಿ ತಂದಳು. ಅಂಗಳದಲ್ಲಿ ಸ್ಕೂಟರಿನ ಪಕ್ಕ ಇಟ್ಟಳು. ಐಸ್ ತುಂಬಿದ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡಳು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ರೀ, ಹೊರಗೆ ಬನ್ನಿ.”

ಅವಳು ದನಿ ಏರಿಸಿದಳು.

“ನಿಮ್ಮ ಕೆಲಸ ಸರಿಯಾಗೇ ಇತ್ತು. ನಾನು ಕೊಟ್ಟ ನಂಬರು ತಪ್ಪು. ಬಂದು ಓದಿ.”

ಸ್ವಲ್ಪ ಹೊತ್ತಾದ ಮೇಲೆ ಅವನು ಬಂದ. ಅವಳು ಚಪ್ಪಲಿ ಬಿಟ್ಟು ಯಂತ್ರದ ಮೇಲೆ ನಿಂತಳು. ಕೆಳಗೆ ನೋಡಲಿಲ್ಲ, ಎದುರಿನ ಗೋಡೆ ನೋಡಿದಳು. ಮದುವೆಯಾಗಿ ಹದಿನೇಳು ವರ್ಷ ಆದವನ ಮುಂದೆ ಇಷ್ಟು ನಾಚಿಕೆ ಆಗಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

“ಎಂಬತ್ನಾಲ್ಕು,” ಎಂದ ಅವನು.

“ಪೆಟ್ಟಿಗೆ ಒಂಬತ್ತು. ಉಳಿದದ್ದು ನಾನು.”

ಎಪ್ಪತ್ತೈದು. ಯಾರೂ ನಗಲಿಲ್ಲ. ಅವನು ಕುಕ್ಕರಗಾಲಿನಲ್ಲಿ ಕೂತು ಸಂಖ್ಯೆಯನ್ನೇ ನೋಡುತ್ತಿದ್ದ.

“ಅರವತ್ತೆರಡು ಅಂತ ಹಿಡಿದಿದ್ದೆ,” ಎಂದ. “ಭಾರದ ರೋಲರ್ ಇದಕ್ಕೆ ಸತ್ರೂ ಎಳೆಯಲ್ಲ.” ಆಮೇಲೆ ತಲೆ ಎತ್ತದೆ, “ಬ್ರೇಕ್ ಶೂ ತಂದಿರಲಿಲ್ಲ” ಎಂದ.

“ಏನು?”

“ದುಡ್ಡು ಸಾಲಲಿಲ್ಲ. ಶೂ ತಗೊಂಡಿದ್ರೆ ಸೈಲೆನ್ಸರ್ ಬರ್ತಿರಲಿಲ್ಲ. ಹಳೇದನ್ನೇ ಮರಳು ಕಾಗದದಲ್ಲಿ ಉಜ್ಜಿ ಹಾಕಿದೆ. ಆ ಸದ್ದು ಕೇಳಿದ್ರೆ ಬೀದಿಯವರು ತಿರುಗಿ ನೋಡ್ತಾರೆ, ಇದನ್ನ ಮಾಡಿದ್ದು ಯಾರು ಅಂತ ಕೇಳ್ತಾರೆ ಅಂತ.”

ಅವಳು ಯಂತ್ರದಿಂದ ಇಳಿದಳು. ಪೆಟ್ಟಿಗೆಯನ್ನು ಧೊಪ್ಪನೆ ಕೆಳಗಿಟ್ಟಳು. “ಆ ಕಟ್ಟೆ ಇಲ್ಲದಿದ್ರೆ ನಾನು ಕೆಳಗೆ ಹೋಗಿರ್ತಿದ್ದೆ. ಗೊತ್ತಾ ನಿಮಗೆ? ಟೀಚರಜ್ಜಿಗೆ ಮೂರು ಸಲ ಚುಚ್ಚಿ ಬಂದೆ, ಗೊತ್ತಾ?”

“ಗೊತ್ತು,” ಎಂದ ಅವನು. ಕಣ್ಣೊರೆಸಿಕೊಳ್ಳಲಿಲ್ಲ, ಹರಿಯಲು ಬಿಟ್ಟ. “ಬುಧವಾರದಿಂದ ಅದೇ ಗೊತ್ತಿರೋದು. ನಾನು ಹತ್ತಿ ನೋಡಿದಾಗ ಬ್ರೇಕ್ ಹಿಡೀತು ಕಣೇ. ಗುಡ್ಡಾನೂ ಹತ್ತಿತು. ನಾನು ಅರವತ್ತೆಂಟು, ನನಗೇ ಹಿಡೀತು ಅಂದ್ಮೇಲೆ—”

“ಅಪ್ಪಾ, ನೀನೂ ಒಂದ್ಸಲ ಹತ್ತು,” ಎಂದಳು ಮಗಳು.

ಅವನು ಹತ್ತಿದ. ಓದುವವಳು ಈಗ ಸೂಜಿಯಕ್ಕ. ರೋಗಿಗಳ ತೂಕ ಓದುವ ಹಾಗೆ ಬಗ್ಗಿ ನೋಡಿದಳು. ಯಂತ್ರ ಕೆಟ್ಟಿದೆಯೇನೋ ಎಂದು ಅವನನ್ನು ಇಳಿಸಿ ಇನ್ನೊಮ್ಮೆ ಹತ್ತಿಸಿದಳು.

ಐವತ್ತೆರಡು.

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಜಾರುವ ನೀಲಿ ಅಂಗಿಯನ್ನು ಸೂಜಿಯಕ್ಕ ಎಂಟು ದಿನ ನೋಡಿದ್ದಳು. ಪ್ರತಿ ಸಂಜೆ ಸರಿದು ಬರುವ ತಟ್ಟೆಯನ್ನು ಎರಡು ವರ್ಷ ನೋಡಿದ್ದಳು, ನೋಡಿ, ಅನ್ನ ಹಾಳಾಗಬಾರದೆಂದು ಅದನ್ನು ತಾನೇ ತಿಂದಿದ್ದಳು. ಬೀದಿಯಲ್ಲಿ ಯಾರಾದರೂ ಇಷ್ಟು ಇಳಿದಿದ್ದರೆ ನಿಲ್ಲಿಸಿ, ಲ್ಯಾಬಿಗೆ ಬನ್ನಿ, ಪರೀಕ್ಷೆ ಮಾಡಿಸೋಣ ಎನ್ನುತ್ತಿದ್ದಳು. ಕೋಪ ಎಲ್ಲಿ ಹೋಯಿತೆಂದು ಅವಳಿಗೆ ತಿಳಿಯಲಿಲ್ಲ. ಅವನ ಮುಂಗೈ ಹಿಡಿದು ಯಂತ್ರದಿಂದ ಇಳಿಸಿದಳು, ಮುದುಕರನ್ನು ಇಳಿಸುವ ಹಾಗೆ.

“ಸೋಮವಾರ ನೀವೂ ಲ್ಯಾಬಿಗೆ ಬರ್ತಿದೀರಿ,” ಎಂದಳು. “ರಕ್ತ ನಾನೇ ತೆಗೀತೀನಿ. ಈಗ ನಡೀರಿ ಅಂಗಡಿಗೆ.”

ಬಿಚ್ಚಿ ಒಯ್ದ ಹೊಸ ಸೈಲೆನ್ಸರನ್ನು ಅಂಗಡಿಯವನು ಅರ್ಧ ಬೆಲೆಗೆ ವಾಪಸ್ ಹಿಡಿದ. ಅದರಲ್ಲಿ ಎರಡು ಚಕ್ರಕ್ಕೂ ಬ್ರೇಕ್ ಶೂ ಬಂತು, ಹಗುರ ರೋಲರಿನ ಪೊಟ್ಟಣವೂ ಬಂತು.

“ಕೂರೋ ಭಾರ ಎಷ್ಟು?” ಎಂದು ಅವನು ಈ ಸಲವೂ ಕೇಳಿದ.

“ಎಂಬತ್ನಾಲ್ಕು,” ಎಂದಳು ಸೂಜಿಯಕ್ಕ, ಪಕ್ಕದಲ್ಲಿ ನಿಂತ ಗಿರಾಕಿಗಳಿಗೂ ಕೇಳುವ ಹಾಗೆ.

ಭಾನುವಾರ ಪೂರ್ತಿ ಅವನು ಅಂಗಳದಲ್ಲಿ ಕೂತ. ಸಿಳ್ಳೆ ಇರಲಿಲ್ಲ. ಹಳೆಯ ಸೈಲೆನ್ಸರನ್ನೇ ತೊಳೆದು ಹಾಕಿದ. ಸಂಜೆ ಗುಡ್ಡಕ್ಕೆ ಹೋಗಿ ನೋಡುವುದು ಅವನಲ್ಲ, ಅವಳು ಎಂದು ತೀರ್ಮಾನವಾಗಿತ್ತು. ಅವಳು ಪೆಟ್ಟಿಗೆಯಲ್ಲಿ ನೀರಿನ ಬಾಟಲಿ ತುಂಬಿಕೊಂಡು ಹೋದಳು. ಇಳಿಜಾರಿನಲ್ಲಿ ಬೇಕೆಂದೇ ನಾಲ್ಕು ಕಡೆ ನಿಲ್ಲಿಸಿ ಬಂದಳು.

ಸೋಮವಾರ ಸಮತಟ್ಟಾದ ರಸ್ತೆಯಲ್ಲಿ ಸೈಕಲ್ಲಿನವನೂ ಅವಳನ್ನು ಹಿಂದೆ ಹಾಕಿದ. ಎರಡನೇ ತಿರುವಿನಲ್ಲಿ ಸ್ಕೂಟರ್ ಜೋರಾಗಿ ಕೂಗಿತು, ನಡೆಯುವವರಿಗಿಂತ ತುಸು ಮೇಲು ಎನ್ನುವಷ್ಟು ನಿಧಾನವಾಗಿ ಹತ್ತಿತು, ನಿಲ್ಲಲಿಲ್ಲ. ಟೀಚರಜ್ಜಿಯ ಸರದಿ ಅಂದು ಇರಲಿಲ್ಲ. ಆದರೂ ಅವರು ಕಿಟಕಿಯಿಂದ, “ಇವತ್ತು ಗಾಡಿ ಮೇಲೇ ಬಂದ್ಯಾ?” ಎಂದರು. ಲ್ಯಾಬು ಮುಟ್ಟಿದಾಗ ಎರಡು ಗಂಟೆಗೆ ಇನ್ನೂ ಒಂಬತ್ತು ನಿಮಿಷ ಬಾಕಿ ಇತ್ತು. ಮೇಡಂ ಗಡಿಯಾರ ನೋಡಿದರು, ಪೆಟ್ಟಿಗೆ ತೆಗೆದುಕೊಂಡರು. ಅಲ್ಲೇ ಬೆಂಚಿನ ಮೇಲೆ ಅವಳ ಗಂಡ ತೋಳು ಮಡಚಿಕೊಂಡು ಕೂತಿದ್ದ. ಅವನ ನರ ಸುಲಭವಾಗಿ ಸಿಕ್ಕಿತು, ಚರ್ಮದ ಕೆಳಗೆ ಎದ್ದು ಕಾಣುತ್ತಿತ್ತು.

ಆ ಸಂಜೆ ಅತ್ತೆ ಅನ್ನ, ಬೇಳೆ, ಮೊಟ್ಟೆ ಮಾಡಿದ್ದರು. ನಾಲ್ವರೂ ಒಟ್ಟಿಗೆ ಕೂತರು. ಸೂಜಿಯಕ್ಕ ತಾನೂ ಬಡಿಸಿಕೊಂಡು ಕೂತಿದ್ದು ಮಗಳಿಗೆ ಹೊಸದಾಗಿ ಕಂಡಿತು. ಅವನು ನಾಲ್ಕು ತುತ್ತು ತಿಂದ. ಐದನೆಯದನ್ನು ಕಲಸುತ್ತಾ ಕೂತ. ಆಮೇಲೆ ಅಭ್ಯಾಸಬಲದಿಂದ ತಟ್ಟೆಯನ್ನು ಅವಳ ಕಡೆ ಸರಿಸಿದ.

ಅವಳು ಕೈ ಚಾಚಲಿಲ್ಲ. ಅತ್ತೆ, ಜೀವಮಾನದಲ್ಲಿ ಒಂದು ಅಗುಳು ಬಿಸಾಡದವರು, ತಟ್ಟೆಯನ್ನು ನೋಡಿದರು, ಸೊಸೆಯನ್ನು ನೋಡಿದರು, ತುಟಿ ಬಿಗಿಹಿಡಿದು ತಮ್ಮ ಅನ್ನ ಕಲಸಿದರು. ತಟ್ಟೆ ಇಬ್ಬರ ನಡುವೆ ಉಳಿಯಿತು.

“ಸಾಕು ನನಗೆ,” ಎಂದ ಅವನು.

“ನನಗೂ ಸಾಕು,” ಎಂದಳು ಅವಳು. “ಅದು ನಿಮ್ಮದು.”

ಯಾರೂ ಏಳಲಿಲ್ಲ. ಹೊರಗೆ ಅಂಗಳದಲ್ಲಿ ಆಗತಾನೇ ನಿಲ್ಲಿಸಿದ್ದ ಸ್ಕೂಟರಿನ ಎಂಜಿನ್ ಟಿಕ್ ಟಿಕ್ ಎಂದು ಆರುತ್ತಿತ್ತು. ಅವನು ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ.

ಅವಳು ತನ್ನ ತಟ್ಟೆ ತೊಳೆದಿಟ್ಟು, ಐಸ್ ಪೆಟ್ಟಿಗೆ ಒರೆಸಿಟ್ಟು ಬಂದಾಗ ಅವನು ಇನ್ನೂ ಉಣ್ಣುತ್ತಿದ್ದ.